ರಿವರ್‌ನಲ್ಲಿ 26.25 ಬ್ಲೈಂಡ್: ಎದುರಾಳಿಯ ರೇಂಜ್ ಎಣಿಸಿದ ಒಂದು ಕೈ

ಇದು ಪೋಕರ್‌ನ ಹೋಲ್ಡೆಮ್ ಆಟ: ಪ್ರತಿಯೊಬ್ಬರ ಕೈಯಲ್ಲಿ ಎರಡು ಎಲೆ, ಬೋರ್ಡ್‌ನಲ್ಲಿ, ಅಂದರೆ ಟೇಬಲ್ ಮೇಲೆ, ಎಲ್ಲರಿಗೂ ಸೇರಿದ ಐದು ಎಲೆ. ಮೊದಲ ಮೂರು ಫ್ಲಾಪ್, ನಾಲ್ಕನೆಯದು ಟರ್ನ್, ಐದನೆಯದು ರಿವರ್. ಈಗ ಐದೂ ಎಲೆ ಬಿದ್ದಾಗಿದೆ: ಡೈಮಂಡ್ ರಾಜ, ಆಟೀನ್ ಒಂಬತ್ತು, ಆಟೀನ್ ಐದು, ಕಳಾವರ್ ಎರಡು, ಇಸ್ಪೀಟ್ ಏಳು. ನಮ್ಮ ಕೈಯಲ್ಲಿ ಇಸ್ಪೀಟ್ ರಾಜ, ಇಸ್ಪೀಟ್ ರಾಣಿ. ಪಾಟ್‌ನಲ್ಲಿ, ಅಂದರೆ ಗೆದ್ದವನಿಗೆ ಸೇರುವ ರಾಶಿಯಲ್ಲಿ, 35 ಬಿಗ್ ಬ್ಲೈಂಡ್ ಇದೆ (ಎಲೆ ಹಂಚುವ ಮೊದಲೇ ಇಬ್ಬರು ಇಡಬೇಕಾದ ಕಡ್ಡಾಯ ಪಣವೇ ಬ್ಲೈಂಡ್, ಅದರಲ್ಲಿ ದೊಡ್ಡದು ಇಲ್ಲಿ ನಮ್ಮ ಅಳತೆಗೋಲು). ಎದುರಾಳಿ ಫ್ಲಾಪ್‌ನಲ್ಲಿ ಬೆಟ್ ಮಾಡಿದ, ಟರ್ನ್‌ನಲ್ಲಿ ಮಾಡಿದ, ಈಗ ಮೂರನೇ ಸಲ 26.25 ಬ್ಲೈಂಡ್ ಮುಂದೆ ಇಟ್ಟಿದ್ದಾನೆ. ನಾವೂ ಅಷ್ಟೇ ಹಾಕಿ ಕಾಲ್ ಮಾಡಬೇಕೋ, ಕೈಬಿಟ್ಟು ಫೋಲ್ಡ್ ಮಾಡಬೇಕೋ?

ಇಲ್ಲಿ ಹೆಚ್ಚಿನವರ ತಲೆಯಲ್ಲಿ ಓಡುವುದು ಎರಡರಲ್ಲಿ ಒಂದು ಮಾತು. ‘ಮೂರು ಸಲ ಬೆಟ್ ಮಾಡಿದ್ದಾನೆ, ಎಕ್ಕ-ರಾಜ ಇರಲೇಬೇಕು’ ಎಂದು ಫೋಲ್ಡ್. ಇಲ್ಲವೇ ‘ಫ್ಲಶ್ (ಒಂದೇ ಬಣ್ಣದ ಐದು ಎಲೆ) ಕೂಡಲಿಲ್ಲ, ಏನೂ ಇಲ್ಲದೆ ಬ್ಲಫ್ ಹೊಡೀತಿದ್ದಾನೆ’ ಎಂದು ಕಾಲ್. ಎರಡೂ ಒಂದೊಂದೇ ಕೈಗೆ ಜೋತುಬಿದ್ದ ತೀರ್ಮಾನಗಳು. ಅವನು ಹಿಡಿದಿರುವುದು ಒಂದೇ ಕೈ ನಿಜ, ಆದರೆ ನಮಗೆ ಕಾಣುವಷ್ಟರಿಂದ ಹೇಳುವುದಾದರೆ ಅವನ ಬಳಿ ಇರಬಹುದಾದ ಕೈಗಳು ಹತ್ತಾರು. ಆ ಇಡೀ ಗುಂಪೇ ಅವನ ರೇಂಜ್. ಅದನ್ನು ಕೊನೆಯ ಬೆಟ್ ಬಂದಮೇಲೆ ಊಹಿಸಲು ಕೂತರೆ ಕೆಲಸ ಕೆಟ್ಟಿತು. ಮೊದಲ ರೇಸ್‌ನಿಂದಲೇ, ಅಂದರೆ ಅವನು ಪಣ ಏರಿಸಿದಾಗಿನಿಂದಲೇ ಎಣಿಸಿಕೊಂಡು, ಪ್ರತಿ ಸುತ್ತಿನಲ್ಲೂ ಕಳೆಯುತ್ತಾ ಬರಬೇಕು. ಇಲ್ಲಿ ಮಾಡಿರುವುದು ಅದನ್ನೇ. ಕೈಯನ್ನೂ ಎದುರಾಳಿಯ ಅಂಕಿಗಳನ್ನೂ ಅಭ್ಯಾಸಕ್ಕೆಂದು ಜೋಡಿಸಿದೆ. ಎಣಿಕೆ ಮಾತ್ರ 52 ಎಲೆಯ ಕಟ್ಟಿನ ನಿಜವಾದ ಎಣಿಕೆ, ಯಾರು ಬೇಕಾದರೂ ಕಾಗದ ಹಿಡಿದು ಸರಿನೋಡಬಹುದು.

ಕಾನೂನಿನ ವಿಷಯ ಮೊದಲೇ ಹೇಳಿಬಿಡೋಣ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು, ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ಅದನ್ನು ರದ್ದುಮಾಡಿತು. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕೇಂದ್ರ ಕಾಯ್ದೆ ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಭೇದ ನೋಡದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿದೆ. ಹಾಗಾಗಿ ಇಲ್ಲಿರುವವರು ಈ ಲೆಕ್ಕವನ್ನು ಪುಕ್ಕಟೆ ಚಿಪ್ಸ್‌ನ ಟೇಬಲ್‌ಗೋ ಕಾಗದದ ಮೇಲಿನ ಅಭ್ಯಾಸಕ್ಕೋ ಇಟ್ಟುಕೊಳ್ಳಬೇಕು. ಕಾನೂನು ಒಪ್ಪುವ ದೇಶಗಳಲ್ಲಿ ನೆಲೆಸಿರುವ ಕನ್ನಡಿಗರ ಮಾತು ಬೇರೆ. ಪುಕ್ಕಟೆ ಚಿಪ್ಸ್‌ನಲ್ಲಿ ಜನ ಯಾವ ಕೈಯನ್ನೂ ಬಿಡುವುದಿಲ್ಲ, ಆದ್ದರಿಂದ ಅಲ್ಲಿ ಎಣಿಸುವುದನ್ನು ಕಲಿಯಬಹುದೇ ಹೊರತು ಎದುರಾಳಿಯ ಬೆಟ್‌ಗೆ ಅರ್ಥ ಹಚ್ಚುವುದು ಕಷ್ಟ.

ಕೈ ನಡೆದ ರೀತಿ

ಆರು ಜನರ ನೋ-ಲಿಮಿಟ್ ಹೋಲ್ಡೆಮ್ ಟೇಬಲ್, ಎಲ್ಲರ ಬಳಿಯೂ 100 ಬ್ಲೈಂಡ್. ಎದುರಾಳಿ ಯುಟಿಜಿ, ಅಂದರೆ ಎಲ್ಲರಿಗಿಂತ ಮೊದಲು ಆಡಬೇಕಾದ ಜಾಗದಿಂದ 2.5ಕ್ಕೆ ರೇಸ್ ಮಾಡಿದ. ನಾವು ಬಟನ್‌ನಿಂದ, ಅಂದರೆ ಫ್ಲಾಪ್‌ನಿಂದ ಮುಂದೆ ಕೊನೆಗೆ ಆಡುವ ಜಾಗದಿಂದ ಕಾಲ್ ಮಾಡಿದೆವು, ಎರಡೂ ಬ್ಲೈಂಡ್‌ನವರು ಬಿಟ್ಟರು. ಅವರು ಮೊದಲೇ ಇಟ್ಟಿದ್ದ 1.5 ಸೇರಿ ಪಾಟ್ 6.5. ಫ್ಲಾಪ್‌ನಲ್ಲಿ ಅವನು 4.25 ಬೆಟ್ ಮಾಡಿದ, ಕಾಲ್, ಪಾಟ್ 15. ಟರ್ನ್‌ನಲ್ಲಿ 10, ಕಾಲ್, ಪಾಟ್ 35. ರಿವರ್‌ನ ಬೆಟ್ 26.25, ಅಂದರೆ ಪಾಟ್‌ನ ಮುಕ್ಕಾಲು ಪಾಲು.

ನಾವು 26.25 ಹಾಕಿದರೆ ಒಟ್ಟು ಪಾಟ್ 87.5 ಆಗುತ್ತದೆ. 26.25ನ್ನು 87.5ರಿಂದ ಭಾಗಿಸಿದರೆ ಸರಿಯಾಗಿ ಶೇ 30. ನೂರರಲ್ಲಿ 30 ಸಲಕ್ಕಿಂತ ಹೆಚ್ಚು ನಾವು ಗೆಲ್ಲುವಂತಿದ್ದರೆ ಕಾಲ್ ಲಾಭ, ಅದಕ್ಕಿಂತ ಕಡಿಮೆಯಾದರೆ ನಷ್ಟ. ಈ ಬೋರ್ಡ್‌ನಲ್ಲಿ ಅವನು ಗೆಲ್ಲಬೇಕೆಂದು ಬೆಟ್ ಮಾಡುವ ಕೈಗಳೆಲ್ಲ ನಮ್ಮ ರಾಜ-ರಾಣಿಯನ್ನು ಸೋಲಿಸುತ್ತವೆ, ಬ್ಲಫ್‌ಗಳಿಗೆ ಮಾತ್ರ ನಾವು ಗೆಲ್ಲುತ್ತೇವೆ. ಆದ್ದರಿಂದ ಪ್ರಶ್ನೆ ಇಷ್ಟಕ್ಕೆ ಬಂದು ನಿಲ್ಲುತ್ತದೆ: ಈ ಬೆಟ್ ಮಾಡುವ ಕೈಗಳಲ್ಲಿ ಬ್ಲಫ್ ಎಷ್ಟು ಪಾಲು?

ಎದುರಾಳಿಯ ಬಗ್ಗೆ ಸುಮಾರು 1,100 ಕೈಗಳ ದಾಖಲೆ ಇದೆ. ಯುಟಿಜಿಯಲ್ಲಿ ಕೂತ 183 ಸಲದಲ್ಲಿ 26 ಸಲ ರೇಸ್ ಮಾಡಿದ್ದಾನೆ, ಶೇ 14. ರೇಸ್ ಮಾಡಿ ಒಬ್ಬನೇ ಎದುರಾಳಿಯೊಂದಿಗೆ ಫ್ಲಾಪ್ ನೋಡಿದ 80 ಸಲದಲ್ಲಿ 44 ಸಲ ಬೆಟ್, ಶೇ 55. ಟರ್ನ್‌ನಲ್ಲಿ ಎರಡನೇ ಬೆಟ್‌ಗೆ ಅವಕಾಶ ಸಿಕ್ಕ 38ರಲ್ಲಿ 17 ಸಲ, ಹತ್ತಿರ ಹತ್ತಿರ ಶೇ 45. ರಿವರ್‌ನಲ್ಲಿ ಮೂರನೇ ಬೆಟ್: 9ರಲ್ಲಿ 4. ಈ ಕೊನೆಯದನ್ನು ಹಡ್, ಅಂದರೆ ಆಟದ ನಡುವೆ ಎದುರಾಳಿಯ ಅಂಕಿಗಳನ್ನು ತೋರಿಸುವ ತಂತ್ರಾಂಶ, ತೆರೆಯ ಮೇಲೆ ‘44%’ ಎಂದು ಬಲು ಗಂಭೀರವಾಗಿ ತೋರಿಸುತ್ತದೆ. ಒಂಬತ್ತು ಸಲದ ಲೆಕ್ಕಕ್ಕೆ ಬೆಲೆಯಿಲ್ಲ, ಅದನ್ನು ನೋಡಲೇಬಾರದು.

188ರಿಂದ ಶುರು

ಎರಡು ಎಲೆಯ ಕೈಗಳು ಒಟ್ಟು 1,326. ಹೆಸರಿನ ಪ್ರಕಾರ ಎಣಿಸಿದರೆ 169 ಬಗೆ, ಆದರೆ ಹೆಸರನ್ನು ಎಣಿಸುವುದೇ ಮೊದಲ ತಪ್ಪು. ಎಕ್ಕದ ಜೋಡಿ 6 ರೀತಿಯಲ್ಲಿ ಬರುತ್ತದೆ. ಸೂಟೆಡ್ ಎಕ್ಕ-ರಾಜ, ಅಂದರೆ ಎರಡೂ ಇಸ್ಪೀಟ್ ಅಥವಾ ಎರಡೂ ಆಟೀನ್ ಹೀಗೆ ಒಂದೇ ಬಣ್ಣದ್ದು, 4 ರೀತಿ. ಆಫ್‌ಸೂಟ್ ಎಕ್ಕ-ರಾಜ 12 ರೀತಿ. ಈ ಒಂದೊಂದು ರೀತಿಯೂ ಒಂದು ಕಾಂಬೊ, ತೂಕಕ್ಕೆ ಹಾಕಬೇಕಾದ್ದು ಕಾಂಬೊಗಳನ್ನೇ.

1,326ರ ಶೇ 14 ಎಂದರೆ ಸುಮಾರು 186. ಯುಟಿಜಿಯಿಂದ ಇಷ್ಟು ಕೈ ಆಡುವವನ ಪಟ್ಟಿ ಸಾಮಾನ್ಯವಾಗಿ ಹೀಗಿರುತ್ತದೆ: ಐದರಿಂದ ಎಕ್ಕದವರೆಗಿನ ಹತ್ತು ಜೋಡಿ, 60. ಎಲ್ಲ ಸೂಟೆಡ್ ಎಕ್ಕಗಳು, 48. ಸೂಟೆಡ್ ರಾಜ ಜೊತೆಗೆ ರಾಣಿ, ಗುಲಾಮ, ಹತ್ತು, ಒಂಬತ್ತು, 16. ಸೂಟೆಡ್ ರಾಣಿ-ಗುಲಾಮ, ರಾಣಿ-ಹತ್ತು, ಗುಲಾಮ-ಹತ್ತು, ಹತ್ತು-ಒಂಬತ್ತು, 16. ಆಫ್‌ಸೂಟ್‌ನಲ್ಲಿ ಎಕ್ಕ-ರಾಜ, ಎಕ್ಕ-ರಾಣಿ, ಎಕ್ಕ-ಗುಲಾಮ, ರಾಜ-ರಾಣಿ, 48. ಒಟ್ಟು 188, ಶೇ 14.2.

183ರಲ್ಲಿ 26 ಎಂಬ ದಾಖಲೆಗೆ ಎರಡೂ ಕಡೆ ಸುಮಾರು ಐದು ಅಂಶದ ಜೋಲಿ ಇದೆ. ಅವನ ನಿಜವಾದ ರೇಂಜ್ ಶೇ 9 ಇರಬಹುದು, 19 ಕೂಡ ಇರಬಹುದು. ಇದನ್ನು ಬದಿಗಿಟ್ಟು ಮುಂದೆ ಹೋಗೋಣ, ಆದರೆ ಮರೆಯುವ ಹಾಗಿಲ್ಲ. ಕೊನೆಗೆ ಇದೇ ನಮ್ಮನ್ನು ಕಾಡುತ್ತದೆ.

ನಮ್ಮ ಕೈಯ ಎರಡು ಎಲೆ ಅವನ ಕೈಯಲ್ಲಿ ಇರಲಾರವು. ಇಸ್ಪೀಟ್ ರಾಜ ಮತ್ತು ರಾಣಿ ಇರುವ ಕಾಂಬೊಗಳನ್ನೆಲ್ಲ ಕಳೆದರೆ 188 ಇಳಿದು 162 ಆಗುತ್ತದೆ. ಫ್ಲಾಪ್‌ನ ಮೂರು ಎಲೆ ಬಿದ್ದಮೇಲೆ 140. ಎಕ್ಕ-ರಾಜವನ್ನೇ ಹತ್ತಿರದಿಂದ ನೋಡಿ. ಕಟ್ಟಿನಲ್ಲಿ ಎಕ್ಕ ನಾಲ್ಕು, ರಾಜ ನಾಲ್ಕು, ಒಟ್ಟು 16 ಕಾಂಬೊ. ಇಸ್ಪೀಟ್ ರಾಜ ನಮ್ಮಲ್ಲಿದೆ, 12ಕ್ಕೆ ಇಳಿಯಿತು. ಡೈಮಂಡ್ ರಾಜ ಬೋರ್ಡ್‌ನಲ್ಲಿದೆ, 8ಕ್ಕೆ ಇಳಿಯಿತು. ‘ಎಕ್ಕ-ರಾಜ ಇರಲೇಬೇಕು’ ಎಂದು ಭಯಪಡುವವನು 16ಕ್ಕೆ ಹೆದರುತ್ತಿದ್ದಾನೆ, ಇರುವುದು ಅದರ ಅರ್ಧ. ರಾಜನ ಜೋಡಿಯಂತೂ 6ರಿಂದ ಒಂದೇ ಒಂದಕ್ಕೆ ಇಳಿದಿದೆ, ಆಟೀನ್ ಮತ್ತು ಕಳಾವರ್ ರಾಜ.

ಫ್ಲಾಪ್: 140ರಲ್ಲಿ 77

ಬೆಟ್‌ನ ಗಾತ್ರ ಇಲ್ಲಿ ದೊಡ್ಡ ಸುಳಿವು. ಅವನು ಪಾಟ್‌ನ ಮೂರನೇ ಒಂದು ಭಾಗ ಬೆಟ್ ಮಾಡಿದ್ದರೆ ಏನೂ ಹೇಳಲಾಗುತ್ತಿರಲಿಲ್ಲ, ರಾಜ ಬಿದ್ದ ಬೋರ್ಡ್‌ನಲ್ಲಿ ಇಡೀ ರೇಂಜನ್ನೇ ಆ ಸಣ್ಣ ಗಾತ್ರಕ್ಕೆ ಬೆಟ್ ಮಾಡುವವರು ಬಹಳ. ಮೂರನೇ ಎರಡು ಭಾಗದಷ್ಟು ಬೆಟ್ ಬಂದಾಗ ಜರಡಿಯ ಕಣ್ಣು ಸಣ್ಣದಾಗುತ್ತದೆ. ಶೇ 55ರ ದಾಖಲೆಯ ಪ್ರಕಾರ 140ರಲ್ಲಿ 77 ಕೈ ಉಳಿಯಬೇಕು. ಯಾವ 77?

ಗಟ್ಟಿ ಕೈಗಳು ಮೊದಲು. ಎಕ್ಕ-ರಾಜ 8, ಎಕ್ಕದ ಜೋಡಿ 6, ರಾಜನ ಸೆಟ್ (ಕೈಯಲ್ಲಿ ಜೋಡಿ, ಬೋರ್ಡ್‌ನಲ್ಲಿ ಮೂರನೆಯದು) 1, ಒಂಬತ್ತರ ಸೆಟ್ 3, ಐದರ ಸೆಟ್ 3, ಕಳಾವರ್ ರಾಜ-ಒಂಬತ್ತು 1, ರಾಜ-ರಾಣಿ 6, ರಾಜ-ಗುಲಾಮ 2, ರಾಜ-ಹತ್ತು 2. ಒಟ್ಟು 32. ಆಮೇಲೆ ಫ್ಲಶ್ ಡ್ರಾಗಳು, ಅಂದರೆ ಇನ್ನೊಂದು ಆಟೀನ್ ಬಿದ್ದರೆ ಫ್ಲಶ್ ಕೂಡುವಂಥವು, 12. ಆಟೀನ್ ಅಲ್ಲದ ಸೂಟೆಡ್ ರಾಣಿ-ಗುಲಾಮ, ರಾಣಿ-ಹತ್ತು, ಗುಲಾಮ-ಹತ್ತು, ಒಂದು ಎಲೆ ಬಿದ್ದರೆ ಸ್ಟ್ರೇಟ್ (ಸಾಲಾಗಿ ಐದು ಎಲೆ) ಕೂಡುವಂಥವು, 7. ಇಲ್ಲಿಗೆ 51. ಉಳಿದ 26 ನಡುವಿನ ಕೈಗಳು: ರಾಣಿ, ಗುಲಾಮ, ಹತ್ತರ ಜೋಡಿಗಳು 15, ಎಕ್ಕ-ಒಂಬತ್ತು 3, ಎಕ್ಕ-ಐದು 3, ಆಟೀನ್ ಎಕ್ಕ ಹಿಡಿದ ಆಫ್‌ಸೂಟ್ ಎಕ್ಕ-ರಾಣಿ ಮತ್ತು ಎಕ್ಕ-ಗುಲಾಮ 5. ಸೇರಿಸಿದರೆ 77.

ಬೆಟ್ ಮಾಡದೆ ಚೆಕ್ ಮಾಡಿ ಹೊರಬಿದ್ದವು 63: ಎಂಟು, ಏಳು, ಆರರ ಜೋಡಿಗಳು, ಹತ್ತು-ಒಂಬತ್ತು, ಏನೂ ತಾಗದ ಸೂಟೆಡ್ ಎಕ್ಕಗಳು, ಆಟೀನ್ ಎಕ್ಕ ಇಲ್ಲದ ಎಕ್ಕ-ರಾಣಿ ಮತ್ತು ಎಕ್ಕ-ಗುಲಾಮ. ಏಳರ ಜೋಡಿ ಇಲ್ಲೇ ಹೊರಹೋಯಿತು ಎಂಬುದನ್ನು ನೆನಪಿಟ್ಟುಕೊಳ್ಳಿ. ರಿವರ್‌ನಲ್ಲಿ ಏಳು ಬಿದ್ದ ಕೂಡಲೇ ‘ಅಯ್ಯೋ, ಏಳರ ಸೆಟ್ ಆಯಿತೇನೋ’ ಎಂದು ಅದನ್ನು ಮತ್ತೆ ಒಳಗೆ ಕರೆತರುವವರಿದ್ದಾರೆ. ಒಂದು ಸುತ್ತಿನಲ್ಲಿ ಜರಡಿಯಿಂದ ಬಿದ್ದ ಕಾಳು ಮುಂದಿನ ಸುತ್ತಿನಲ್ಲಿ ಹಿಂದಿರುಗುವುದಿಲ್ಲ. 8-6 ಹಿಡಿದು ಸ್ಟ್ರೇಟ್ ಕೂಡಿಸಿದನೇನೋ ಎಂಬ ಹೆದರಿಕೆಯೂ ಇಂಥದ್ದೇ, 8-6 ಮೊದಲ 188ರಲ್ಲೇ ಇರಲಿಲ್ಲ. ರೇಂಜ್ ಇನ್ನೂ ಅಗಲ ಎಂದುಕೊಂಡು ಸೂಟೆಡ್ 8-6 ಸೇರಿಸಿದರೂ ಎರಡು ಬೆಟ್ ದಾಟಿ ರಿವರ್‌ಗೆ ಬರುವಂಥದ್ದು ಆಟೀನ್‌ನ ಒಂದೇ ಕಾಂಬೊ.

ಟರ್ನ್: 34

ಕಳಾವರ್ ಎರಡು ಹೆಚ್ಚೇನೂ ಬದಲಿಸಲಿಲ್ಲ, 77ರಲ್ಲಿ ಒಂದೂ ಕಡಿಮೆಯಾಗಲಿಲ್ಲ. ಈಗ ಎರಡನೇ ದೊಡ್ಡ ಬೆಟ್. ದಾಖಲೆ ಹೇಳುವ ಶೇ 45 ಎಂದರೆ 35ರ ಆಸುಪಾಸು. ನಡುವಿನ ಕೈಗಳು ಇಲ್ಲಿ ಚೆಕ್‌ಗೆ ಹೋಗುತ್ತವೆ, ಸಣ್ಣ ಸ್ಟ್ರೇಟ್ ಡ್ರಾಗಳೂ ಕೈಬಿಡುತ್ತವೆ, ದುರ್ಬಲ ಜೊತೆ ಎಲೆಯ ರಾಜಗಳು ಪಾಟ್ ದೊಡ್ಡದಾಗದಿರಲಿ ಎಂದು ನಿಲ್ಲುತ್ತವೆ. ಉಳಿಯುವ ಗಟ್ಟಿ ಕೈಗಳು 8, 6, 1, 3, 3, 1 ಸೇರಿ 22. ಜೊತೆಗೆ 12 ಫ್ಲಶ್ ಡ್ರಾ. ಒಟ್ಟು 34, ದಾಖಲೆಗೆ ಹೊಂದುತ್ತದೆ.

ಅವನು ರಾಜ-ರಾಣಿಯ 6 ಕಾಂಬೊವನ್ನೂ ಬೆಟ್ ಮಾಡುತ್ತಾನೆ ಎಂದರೆ 40 ಆಗುತ್ತದೆ, 77ರಲ್ಲಿ ಶೇ 52. 38 ಸಲದ ದಾಖಲೆಗೆ ಎರಡೂ ಕಡೆ 16 ಅಂಶದ ಜೋಲಿ ಇರುವುದರಿಂದ ಅದೂ ಅಸಾಧ್ಯವಲ್ಲ. ಆದರೆ ಆ ಕೈಗಳು ರಿವರ್‌ನಲ್ಲಿ ಪಾಟ್‌ನ ಮುಕ್ಕಾಲು ಪಾಲು ಬೆಟ್ ಮಾಡುವುದು ಅಪರೂಪ, ಮಾಡಿದರೂ ನಮ್ಮೊಂದಿಗೆ ಪಾಟ್ ಸಮನಾಗಿ ಹಂಚಿಹೋಗುತ್ತದೆ. ಇದನ್ನು ಬಿಟ್ಟರೂ ಉತ್ತರ ಬದಲಾಗುವುದಿಲ್ಲ.

ಹನ್ನೆರಡು ಆಟೀನ್ ಕೈಗಳು

ಈ ಪ್ರಕರಣದ ಜೀವ ಇರುವುದು ಇಲ್ಲಿ. ಇಸ್ಪೀಟ್ ಏಳು ಬಿತ್ತು, ಯಾವ ಫ್ಲಶ್ಶೂ ಕೂಡಲಿಲ್ಲ. 22 ಗಟ್ಟಿ ಕೈಗಳೂ ಬೆಟ್ ಮಾಡುತ್ತವೆ ಎಂದಿಟ್ಟುಕೊಂಡರೆ, ಶೇ 30 ತಲುಪಲು ಎಷ್ಟು ಬ್ಲಫ್ ಬೇಕು? ಪಾಟ್‌ನ ಮುಕ್ಕಾಲು ಪಾಲಿನ ಬೆಟ್‌ಗೆ ಗಟ್ಟಿ ಕೈಗಳ ಏಳನೇ ಮೂರು ಭಾಗ, ಅಂದರೆ 9.4. ಈ ಅಡ್ಡದಾರಿಯನ್ನು ಬಾಯಿಪಾಠ ಮಾಡಿಕೊಂಡರೆ ಒಳ್ಳೆಯದು: ಅರ್ಧ ಪಾಟ್ ಬೆಟ್‌ಗೆ ಮೂರನೇ ಒಂದು ಭಾಗ, ಮುಕ್ಕಾಲಿಗೆ ಏಳನೇ ಮೂರು, ಪೂರ್ತಿ ಪಾಟ್‌ಗೆ ಅರ್ಧ. ಆನ್‌ಲೈನ್‌ನಲ್ಲಿ ಯೋಚಿಸಲು ಸಿಗುವುದು ಕೆಲವೇ ಸೆಕೆಂಡು, ಅಷ್ಟರಲ್ಲಿ 1,326 ಕಾಂಬೊ ಎಣಿಸಲು ಯಾರಿಂದಲೂ ಆಗದು. ಟರ್ನ್‌ನಲ್ಲಿ ಕಾಲ್ ಒತ್ತುವಾಗಲೇ ‘ಗಟ್ಟಿ 22, ಡ್ರಾ 12’ ಎಂದು ತಲೆಯಲ್ಲಿ ಬರೆದಿಟ್ಟುಕೊಂಡವನಿಗೆ ರಿವರ್‌ನಲ್ಲಿ ಒಂದೇ ಗುಣಾಕಾರ ಉಳಿದಿರುತ್ತದೆ.

ಆ ಹನ್ನೆರಡನ್ನು ಬೆರಳು ಮಡಚಿ ಎಣಿಸೋಣ. ಆಟೀನ್ ಎಕ್ಕದ ಜೊತೆ ಆಟೀನ್ ರಾಣಿ, ಗುಲಾಮ, ಹತ್ತು, ಎಂಟು, ಏಳು, ಆರು, ನಾಲ್ಕು, ಮೂರು, ಎರಡು: ಒಂಬತ್ತು ಕೈ. ಒಂಬತ್ತು ಮತ್ತು ಐದು ಬೋರ್ಡ್‌ನಲ್ಲೇ ಇವೆ, ಎಕ್ಕ-ರಾಜ ಗಟ್ಟಿ ಕೈಗಳ ಲೆಕ್ಕಕ್ಕೆ ಸೇರಿದೆ. ಎಕ್ಕ ಇಲ್ಲದವು ಮೂರು: ರಾಣಿ-ಗುಲಾಮ, ರಾಣಿ-ಹತ್ತು, ಗುಲಾಮ-ಹತ್ತು.

ಹನ್ನೆರಡೂ ಬೆಟ್ ಮಾಡುತ್ತವೆ ಎಂದರೆ 34ರಲ್ಲಿ 12, ಶೇ 35.3. ಕಾಲ್ ಸರಾಸರಿ 4.6 ಬ್ಲೈಂಡ್ ಲಾಭ. ಎಕ್ಕ-ಏಳಕ್ಕೆ ಈಗ ಏಳರ ಜೋಡಿ ಕೂಡಿದೆ, ಎಕ್ಕ-ಎರಡಕ್ಕೆ ಎರಡರ ಜೋಡಿ, ಇವೆರಡೂ ಚೆಕ್ ಮಾಡಿ ಎಲೆ ತೋರಿಸಲು ಹೋಗುತ್ತವೆ ಎಂದರೆ 32ರಲ್ಲಿ 10, ಶೇ 31.3, ಲಾಭ 1.1ಕ್ಕೆ ಕುಸಿಯಿತು. ಎಕ್ಕ-ರಾಣಿ, ಎಕ್ಕ-ಗುಲಾಮ ಕೂಡ ‘ಎಕ್ಕವೇ ಗೆದ್ದರೂ ಗೆಲ್ಲಬಹುದು’ ಎಂದು ಚೆಕ್ ಮಾಡುತ್ತವೆ ಎಂದರೆ 30ರಲ್ಲಿ 8, ಶೇ 26.7, ಈಗ 2.9 ಬ್ಲೈಂಡ್ ನಷ್ಟ. ನಾಲ್ಕು ಕಾಂಬೊ ಅತ್ತಿತ್ತ ಆಗಿದ್ದಷ್ಟೆ, ಉತ್ತರ ತಿರುವುಮುರುವಾಯಿತು. ಗಟ್ಟಿ ಕೈಗಳ ಕಡೆ ತಪ್ಪಾಗುವುದು ಕಡಿಮೆ, ಅವನ್ನು ಯಾರು ಬೇಕಾದರೂ ಊಹಿಸಬಲ್ಲರು. ಹಣ ಹೋಗುವುದು ಬ್ಲಫ್‌ಗಳ ಎಣಿಕೆಯಲ್ಲಿ.

ಕೂಡದ ಫ್ಲಶ್ ಡ್ರಾ ಎಲ್ಲವೂ ಬ್ಲಫ್ ಆಗುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ಒಳ್ಳೆಯ ಆಟಗಾರ ಇನ್ನೊಂದು ವಿಷಯ ನೋಡುತ್ತಾನೆ: ಅವನ ಕೈಯಲ್ಲಿ ಎರಡು ಆಟೀನ್ ಇದ್ದರೆ ನಮ್ಮ ಕೈಯಲ್ಲಿ ಕೂಡದ ಆಟೀನ್ ಡ್ರಾ ಇರುವ ಸಾಧ್ಯತೆ ಕಡಿಮೆ. ರಿವರ್ ಬೆಟ್‌ಗೆ ಹೆದರಿ ಬಿಡಬೇಕಾದ ಕೈಗಳೇ ಅವು. ಬಿಡುವವರೇ ಕಡಿಮೆಯಾದರೆ ಬ್ಲಫ್‌ನ ಬೆಲೆ ಇಳಿಯಿತು. ಸಾಲ್ವರ್‌ಗಳು, ಅಂದರೆ ಸಿದ್ಧಾಂತದ ಪ್ರಕಾರ ಸರಿಯಾದ ಆಟವನ್ನು ಲೆಕ್ಕಹಾಕುವ ತಂತ್ರಾಂಶಗಳು, ಇಂಥ ಬೋರ್ಡ್‌ನಲ್ಲಿ ಕೆಲವು ಆಟೀನ್ ಕೈಗಳನ್ನು ಚೆಕ್ ಮಾಡಿ ಕೈಬಿಡುವುದಕ್ಕೆ ಒಂದು ಕಾರಣ ಇದು.

ಇದೆ-ಇಲ್ಲ ಬದಲು ತೂಕ

ಕಾಂಬೊವನ್ನು ಒಳಗೋ ಹೊರಗೋ ಎಂದು ಕಡಿದು ಹಾಕುವ ಬದಲು ಸೊನ್ನೆಯಿಂದ ಒಂದರವರೆಗೆ ತೂಕ ಕೊಟ್ಟರೆ ಲೆಕ್ಕ ವಾಸ್ತವಕ್ಕೆ ಹತ್ತಿರವಾಗುತ್ತದೆ. ಎಕ್ಕ ಇಲ್ಲದ ಮೂರು ಕೈಗಳಿಗೆ ಬೆಟ್ ಬಿಟ್ಟು ಬೇರೆ ದಾರಿಯಿಲ್ಲ, ತೂಕ 1, ಒಟ್ಟು 3. ಎಕ್ಕದ ಜೊತೆ ಎಂಟು, ಆರು, ನಾಲ್ಕು, ಮೂರು, ಒಂದೊಂದಕ್ಕೆ 0.8, ಒಟ್ಟು 3.2. ಎಕ್ಕದ ಜೊತೆ ರಾಣಿ, ಗುಲಾಮ, ಹತ್ತು, 0.6ರಂತೆ 1.8. ಜೋಡಿ ಕೂಡಿದ ಎರಡು ಕೈಗೆ 0.2ರಂತೆ 0.4. ಬ್ಲಫ್‌ಗಳ ಒಟ್ಟು ತೂಕ 8.4.

ಇತ್ತ ಗಟ್ಟಿ ಕೈಗಳಲ್ಲಿ ಸೆಟ್‌ಗಳು ಮತ್ತು ರಾಜ-ಒಂಬತ್ತು ಸೇರಿ 8, ಪೂರ್ತಿ ತೂಕ. ಎಕ್ಕದ ಜೋಡಿ ಮತ್ತು ಎಕ್ಕ-ರಾಜ ಒಟ್ಟು 14, ಆದರೆ ಒಂದೇ ಜೋಡಿಯ ಬಲದಲ್ಲಿ ಮೂರನೇ ದೊಡ್ಡ ಬೆಟ್ ಮಾಡಲು ಕೆಲವೊಮ್ಮೆ ಧೈರ್ಯ ಸಾಲದು, ಕೆಲವೊಮ್ಮೆ ಸಣ್ಣ ಗಾತ್ರ ಆರಿಸುತ್ತಾರೆ. 0.8 ಹಾಕಿದರೆ 11.2. ಒಟ್ಟು 19.2. ಈಗ 8.4ನ್ನು 27.6ರಿಂದ ಭಾಗಿಸಿದರೆ ಶೇ 30.4. ಬೇಕಾಗಿದ್ದದ್ದು 30. ಕಾಲ್‌ನ ಲಾಭ 0.4 ಬ್ಲೈಂಡ್‌ಗಿಂತ ಚೂರು ಕಡಿಮೆ.

ತೂಕಗಳು ಕಣ್ಣಳತೆಯವೇ, ಅದರಲ್ಲಿ ಮುಚ್ಚುಮರೆ ಬೇಡ. ಆದರೆ ಅವುಗಳನ್ನು ಬರೆದಿಟ್ಟಾಗ ಕಣ್ಣಳತೆ ಎಲ್ಲಿದೆ, ಎಷ್ಟಿದೆ ಎಂಬುದು ಎದುರಿಗೇ ಕಾಣುತ್ತದೆ. ಒಂದು ಬ್ಲಫ್ ಕಾಂಬೊ ಹೆಚ್ಚಾದರೆ ಶೇ 30.4 ಏರಿ 32.9 ಆಗುತ್ತದೆ. ಅಂದರೆ ಪೂರ್ತಿ ಒಂದು ಕಾಂಬೊದ ಬೆಲೆ ಸುಮಾರು ಎರಡೂವರೆ ಅಂಶ.

ಇನ್ನು ಆಟ ನಡೆಸುವ ತಾಣ ಪಾಟ್‌ನಿಂದ ತೆಗೆದುಕೊಳ್ಳುವ ರೇಕ್. 87.5ರ ಪಾಟ್‌ನಿಂದ 3 ಬ್ಲೈಂಡ್ ಕಡಿತವಾದರೆ ನಮಗೆ ಬೇಕಾದ ಗೆಲುವಿನ ಪಾಲು 30ರಿಂದ 31.1ಕ್ಕೆ ಏರುತ್ತದೆ. 30.4 ಅದಕ್ಕೆ ಸಾಲದು. ಕಡಿಮೆ ಮೊತ್ತದ ಟೇಬಲ್‌ಗಳಲ್ಲಿ ಬ್ಲೈಂಡ್ ಲೆಕ್ಕದಲ್ಲಿ ರೇಕ್ ಭಾರವಾಗಿರುತ್ತದೆ, ಇಂಥ ಕೂದಲೆಳೆಯ ಕಾಲ್‌ಗಳು ಅಲ್ಲಿ ಮೊದಲು ಸಾಯುತ್ತವೆ. ಆದ್ದರಿಂದ ಈ ಎದುರಾಳಿಗೆ, ಇಷ್ಟೇ ಮಾಹಿತಿ ಇದ್ದಾಗ, ನಮ್ಮ ತೀರ್ಮಾನ ಫೋಲ್ಡ್.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. 35ರ ಪಾಟ್‌ಗೆ 26.25 ಬೆಟ್ ಬಂದಾಗ, ಸಿದ್ಧಾಂತದ ಪ್ರಕಾರ ನಾವು ರಿವರ್‌ಗೆ ತಂದ ಕೈಗಳಲ್ಲಿ ಶೇ 57ರಷ್ಟನ್ನು ಬಿಡದೆ ಉಳಿಸಿಕೊಳ್ಳಬೇಕು, ಇಲ್ಲದಿದ್ದರೆ ಎದುರಾಳಿ ಯಾವ ಎರಡು ಎಲೆ ಹಿಡಿದೂ ಬ್ಲಫ್ ಮಾಡಿ ಲಾಭ ಮಾಡಿಕೊಳ್ಳುತ್ತಾನೆ. ರಾಜ-ರಾಣಿ ನಮ್ಮ ಕೈಗಳಲ್ಲಿ ಮೇಲಿನ ಸಾಲಿನದ್ದು, ಅದನ್ನೇ ಬಿಟ್ಟರೆ ಇನ್ನೇನು ಉಳಿಯಿತು? ಮಾತು ಸರಿ. ಆದರೆ ಆ 57 ನಮ್ಮ ದೌರ್ಬಲ್ಯವನ್ನು ಹುಡುಕಿ ಹೊಡೆಯುವ ಎದುರಾಳಿಗೆ ಹಾಕಿದ ಬೇಲಿ. ನಮ್ಮ ಬಗ್ಗೆ ಲೆಕ್ಕವನ್ನೇ ಇಟ್ಟಿಲ್ಲದ, ತನ್ನ ಎಲೆ ನೋಡಿ ಆಡುವ ಸಾಧಾರಣ ಆಟಗಾರನ ಎದುರು ಅವನ ಎಣಿಕೆಯೇ ದೊಡ್ಡದು. ಏನೂ ಗೊತ್ತಿಲ್ಲದ ಎದುರಾಳಿ ಬಂದಾಗ ಮಾತ್ರ ಈ ಸಂಖ್ಯೆಗೆ ಹಿಂದಿರುಗಬೇಕು.

ಎಣಿಕೆ ಎಲ್ಲಿ ಕೆಡುತ್ತದೆ

ಅತಿ ದುಬಾರಿ ತಪ್ಪು, ಕಂಡ ಎಲೆಗಳನ್ನು ಕಳೆಯದಿರುವುದು. ಕಟ್ಟಿನ ಪೂರ್ತಿ ಲೆಕ್ಕ ಹಿಡಿದರೆ ಎಕ್ಕ-ರಾಜ 16, ಎಕ್ಕದ ಜೋಡಿ 6, ರಾಜ, ಒಂಬತ್ತು, ಐದರ ಜೋಡಿಗಳು 18, ಸೂಟೆಡ್ ರಾಜ-ಒಂಬತ್ತು 4, ಒಟ್ಟು 44 ಗಟ್ಟಿ ಕೈ. 12 ಬ್ಲಫ್ ಸೇರಿಸಿ ಭಾಗಿಸಿದರೆ ಶೇ 21.4. ‘ಕಣ್ಣು ಮುಚ್ಚಿ ಫೋಲ್ಡ್’ ಎನ್ನಿಸುವ ಸಂಖ್ಯೆ. ಅದೇ ಹನ್ನೆರಡು ಬ್ಲಫ್‌ಗೆ ನಿಜವಾದ ಉತ್ತರ 35.3 ಆಗಿತ್ತು. ಗಟ್ಟಿ ಕೈಗಳು ಬೋರ್ಡ್‌ನ ಎಲೆಗಳಿಂದಲೇ ಹುಟ್ಟುವುದರಿಂದ ಕಳೆಯುವಿಕೆಯ ಪೆಟ್ಟು ಅವಕ್ಕೇ ಹೆಚ್ಚು ಬೀಳುತ್ತದೆ. ಕಳೆಯದವನು ಯಾವಾಗಲೂ ಭಯದ ಕಡೆಗೇ ವಾಲುತ್ತಾನೆ.

ಎರಡನೆಯದು ಮೊದಲ ರೇಂಜ್‌ನ ಜೋಲಿ. ಅವನ ನಿಜವಾದ ಯುಟಿಜಿ ರೇಸ್ ಶೇ 9 ಎಂದಿಟ್ಟುಕೊಳ್ಳಿ: ಏಳರಿಂದ ಮೇಲಿನ ಜೋಡಿಗಳು, ಸೂಟೆಡ್ ಎಕ್ಕದ ಜೊತೆ ಹತ್ತು ಮತ್ತು ಮೇಲಿನವು, ಸೂಟೆಡ್ ರಾಜ-ರಾಣಿ, ರಾಜ-ಗುಲಾಮ, ರಾಣಿ-ಗುಲಾಮ, ಗುಲಾಮ-ಹತ್ತು, ಆಫ್‌ಸೂಟ್ ಎಕ್ಕ-ರಾಜ, ಎಕ್ಕ-ರಾಣಿ, ರಾಜ-ರಾಣಿ. ಒಟ್ಟು 116. ಈಗ ಐದರ ಸೆಟ್ ಇಲ್ಲ, ರಾಜ-ಒಂಬತ್ತು ಇಲ್ಲ, ಗಟ್ಟಿ ಕೈ 18. ಆಟೀನ್ ಡ್ರಾ ಐದೇ ಐದು: ಎಕ್ಕದ ಜೊತೆ ರಾಣಿ, ಗುಲಾಮ, ಹತ್ತು, ಆಮೇಲೆ ರಾಣಿ-ಗುಲಾಮ, ಗುಲಾಮ-ಹತ್ತು. ಐದೂ ಬೆಟ್ ಮಾಡಿದರೂ 23ರಲ್ಲಿ 5, ಶೇ 21.7. ಬಿಗಿ ಆಟಗಾರನ ಬಳಿ ಗಟ್ಟಿ ಕೈ ಹೆಚ್ಚು ಎಂದು ಎಲ್ಲರೂ ಹೇಳುತ್ತಾರೆ, ಆದರೆ ಇಲ್ಲಿ ಗಟ್ಟಿ ಕೈಗಳೂ 22ರಿಂದ 18ಕ್ಕೆ ಇಳಿದಿವೆ. ಅವನ ಬಳಿ ಬ್ಲಫ್ ಮಾಡಲು ಸರಕೇ ಇಲ್ಲ ಎಂಬುದು ಫೋಲ್ಡ್‌ಗೆ ಕಾರಣ.

ಬೆಟ್ ಒತ್ತಲು ತೆಗೆದುಕೊಂಡ ಸಮಯವನ್ನು ನೋಡಿ ತೀರ್ಮಾನಿಸುವವರೂ ಇದ್ದಾರೆ. ನಾಲ್ಕು ಟೇಬಲ್ ಒಟ್ಟಿಗೆ ಆಡುವವನ ತಡ ಬೇರೆ ಟೇಬಲ್‌ನ ತಡವೂ ಆಗಿರಬಹುದು. ಅದಕ್ಕೆ ತೂಕ ಕೊಡಬೇಡಿ.

ಅದೇ ಕೈ, ಬೇರೆ ಬಣ್ಣ

ನಮ್ಮ ಕೈಯಲ್ಲಿ ಇಸ್ಪೀಟ್ ಬದಲು ಆಟೀನ್ ರಾಜ, ಆಟೀನ್ ರಾಣಿ ಇದ್ದಿದ್ದರೆ? ಎಲೆ ತೋರಿಸುವಾಗ ಎರಡರ ಬಲವೂ ಒಂದೇ, ರಾಜನ ಜೋಡಿ ಮತ್ತು ರಾಣಿ. ಆದರೆ ಆಟೀನ್ ರಾಣಿ ನಮ್ಮಲ್ಲಿದ್ದರೆ ಅವನ ಹನ್ನೆರಡರಲ್ಲಿ ಎಕ್ಕ-ರಾಣಿ, ರಾಣಿ-ಗುಲಾಮ, ರಾಣಿ-ಹತ್ತು ಮೂರೂ ಮಾಯ, ಉಳಿಯುವ ಬ್ಲಫ್ 9. ಗಟ್ಟಿ ಕಡೆ ಇಸ್ಪೀಟ್ ರಾಜ ಬಿಡುಗಡೆಯಾಗಿ ಇಸ್ಪೀಟ್ ರಾಜ-ಒಂಬತ್ತು ಸೇರಿಕೊಳ್ಳುತ್ತದೆ, 22 ಇದ್ದದ್ದು 23. ಒಂಬತ್ತೂ ಬ್ಲಫ್ ಬೆಟ್ ಮಾಡುತ್ತವೆ ಎಂಬ ಉದಾರ ಲೆಕ್ಕದಲ್ಲೂ 32ರಲ್ಲಿ 9, ಶೇ 28.1. ಇಸ್ಪೀಟ್‌ಗೆ ಅದೇ ಉದಾರ ಲೆಕ್ಕ 35.3 ಕೊಟ್ಟಿತ್ತು. ಆ ಲೆಕ್ಕದಲ್ಲಿ ಒಂದು ಸುಖವಾದ ಕಾಲ್, ಇನ್ನೊಂದು ಫೋಲ್ಡ್. ನಾವೇ ಫ್ಲಶ್ ಡ್ರಾ ಹಿಡಿದು ಅದು ಕೂಡದೇ ಹೋದಾಗ ‘ಅವನದ್ದೂ ಕೂಡಿರಲಿಕ್ಕಿಲ್ಲ’ ಎಂದು ಕಾಲ್ ಮಾಡುವುದು ಎಷ್ಟು ಉಲ್ಟಾ ಎಂಬುದು ಈ ಮೂರು ಕಾಂಬೊದಲ್ಲಿ ಕಾಣುತ್ತದೆ.

ಆಟ ಮುಗಿದ ಮೇಲಿನ ಕೆಲಸ

ಸಾಲ್ವರ್ ಅಥವಾ ರೇಂಜ್ ಲೆಕ್ಕದ ತಂತ್ರಾಂಶವನ್ನು ಕೈ ನಡೆಯುತ್ತಿರುವಾಗ ತೆರೆದಿಡುವುದು ದೊಡ್ಡ ತಾಣಗಳಲ್ಲಿ ನಿಷಿದ್ಧ, ಹಡ್ ಕೂಡ ಎಲ್ಲ ಕಡೆ ಒಪ್ಪಿತವಲ್ಲ. ಆಟದ ನಂತರ ಈಕ್ವಿಲ್ಯಾಬ್‌ನಂಥ ಪುಕ್ಕಟೆ ತಂತ್ರಾಂಶದಲ್ಲಿ ಆ 188ನ್ನು ತುಂಬಿ, ಸುತ್ತು ಸುತ್ತಾಗಿ ಕಳೆದು, ಕೈಯಲ್ಲಿ ಮಾಡಿದ ಎಣಿಕೆ ಸರಿಯಿತ್ತೇ ಎಂದು ನೋಡಬೇಕು. ಮೊದಮೊದಲು ಒಂದು ಕೈಗೆ ಅರ್ಧ ಗಂಟೆಯಾದರೂ ಹಿಡಿಯುತ್ತದೆ.

ಅದಕ್ಕಿಂತ ಬೆಲೆಬಾಳುವುದು ಎಲೆ ತೆರೆದ ಕೈಗಳು. ಪೋಕರ್‌ಟ್ರ್ಯಾಕರ್‌ನಂಥ ದಾಖಲೆ ತಂತ್ರಾಂಶದಲ್ಲಿ ಇದೇ ಎದುರಾಳಿ ಫ್ಲಾಪ್, ಟರ್ನ್ ಎರಡರಲ್ಲೂ ಬೆಟ್ ಮಾಡಿ ಕೊನೆಗೆ ಎಲೆ ತೋರಿಸಿದ ಕೈಗಳನ್ನಷ್ಟೇ ಸೋಸಿ ತೆಗೆಯಿರಿ. ಐದಾರೇ ಸಿಗಬಹುದು. ಅಲ್ಲಿ ಹುಡುಕಬೇಕಾದ್ದು ಒಂದೇ: ಎಕ್ಕ ಹಿಡಿದ ಫ್ಲಶ್ ಡ್ರಾ ಕೂಡದಾಗ ರಿವರ್‌ನಲ್ಲಿ ಏನು ಮಾಡಿದ? ‘ಎಕ್ಕ-ಹತ್ತು ಡ್ರಾ ತಪ್ಪಿತು, ಚೆಕ್ ಮಾಡಿದ’ ಎಂಬ ಟಿಪ್ಪಣಿ ಎರಡು ಮೂರು ಸಿಕ್ಕರೆ ಎಕ್ಕದ ಜೊತೆ ದೊಡ್ಡ ಎಲೆ ಇರುವ ಮೂರು ಕೈಗಳ ತೂಕ 0.6ರಿಂದ 0.3ಕ್ಕೆ, ಸಣ್ಣ ಎಲೆಯ ನಾಲ್ಕರದ್ದು 0.8ರಿಂದ 0.5ಕ್ಕೆ ಇಳಿಯುತ್ತದೆ. ಬ್ಲಫ್‌ಗಳ ಒಟ್ಟು ತೂಕ 6.3, ಪಾಲು ಶೇ 24.7, ಮುಂದಿನ ಸಲ ಫೋಲ್ಡ್ ಮಾಡಲು ಎರಡು ಸೆಕೆಂಡು ಸಾಕು. ಬದಲಿಗೆ ‘ಎಕ್ಕ-ನಾಲ್ಕು ಡ್ರಾ ತಪ್ಪಿತು, ಮುಕ್ಕಾಲು ಪಾಟ್ ಬೆಟ್’ ಎಂಬಂಥವು ಸಿಕ್ಕರೆ ಆ ನಾಲ್ಕರ ತೂಕ 1ಕ್ಕೆ, ದೊಡ್ಡ ಎಲೆಯ ಮೂರರದ್ದು 0.8ಕ್ಕೆ ಏರುತ್ತದೆ. ಆಗ ಬ್ಲಫ್ 9.8, ಪಾಲು ಶೇ 33.8, ರೇಕ್ ಕಳೆದರೂ ಇಸ್ಪೀಟ್ ರಾಜ-ರಾಣಿಗೆ ಕಾಲ್.